ವಿದೇಶದಲ್ಲಿ ಮ್ಯಾರಥಾನ್: ಹೊರಡುವ ಮುನ್ನ

2024ರ ಡಿಸೆಂಬರ್‌ನ ಒಂದು ಸಂಜೆ ನನಗೆ ಬಹಳ ವರ್ಷಗಳಿಂದ ಪರಿಚಯವಿರುವ ಬ್ಯಾಂಕ್ ಅಧಿಕಾರಿಯೊಬ್ಬರು ಪೇಡಾ ಡಬ್ಬಿಯೊಂದನ್ನು ಹಿಡಿದು ಕ್ಲಿನಿಕ್ಕಿಗೆ ಬಂದರು. ವಯಸ್ಸು 51. ಬರ್ಲಿನ್ ಮ್ಯಾರಥಾನ್‌ಗೆ ಹಾಕಿದ್ದ ಅರ್ಜಿ ಲಾಟರಿಯಲ್ಲಿ ಎದ್ದಿತ್ತು. ಅಲ್ಲಿಯೇ ಕೆಲಸದಲ್ಲಿರುವ ಮಗಳ ಹೆಸರೂ ಬಂದಿತ್ತು. ಅಪ್ಪ, ಮಗಳು ಒಟ್ಟಿಗೆ 42 ಕಿಲೋಮೀಟರ್ ಓಡುವುದೆಂದು ತೀರ್ಮಾನವಾಗಿತ್ತು. "ಡಾಕ್ಟ್ರೇ, ಒಂದು ಫಿಟ್‌ನೆಸ್ ಸರ್ಟಿಫಿಕೇಟ್ ಬರೆದುಕೊಡಿ. ಅವರು ಕೇಳದಿದ್ದರೂ ಫೈಲಿನಲ್ಲಿ ಇರಲಿ" ಎಂದರು.

ಇಂಥ ಸರ್ಟಿಫಿಕೇಟನ್ನು ನಾನು ಒಂದು ಕಾಲದಲ್ಲಿ ಎರಡು ನಿಮಿಷದಲ್ಲಿ ಬರೆದು ಕೊಡುತ್ತಿದ್ದೆ. ರಕ್ತದೊತ್ತಡ ನೋಡುವುದು, ಸ್ಟೆತಾಸ್ಕೋಪ್ ಇಡುವುದು, ಸಹಿ ಹಾಕುವುದು. ಹಾಗೆ ಬರೆಸಿಕೊಂಡು ಹೋದ ಒಬ್ಬರು ಊರಿನ ಓಟವೊಂದರ ಆರನೇ ಕಿಲೋಮೀಟರಿನಲ್ಲಿ ಕುಸಿದು ಬಿದ್ದರು. ಪಕ್ಕದಲ್ಲಿ ಓಡುತ್ತಿದ್ದ ನರ್ಸ್ ಒಬ್ಬರು ಕೂಡಲೇ ಎದೆ ಒತ್ತಲು ಆರಂಭಿಸಿದ್ದರಿಂದ ಬದುಕಿದರು. ಆ ಕಾಗದದ ಕೆಳಗೆ ಇದ್ದದ್ದು ನನ್ನ ಸಹಿ. ಅಂದಿನಿಂದ ನಾನು ಕೇಳದೆ, ಪರೀಕ್ಷಿಸದೆ ಬರೆದು ಕೊಡುವುದಿಲ್ಲ. ಬ್ಯಾಂಕ್ ಅಧಿಕಾರಿಗೂ ಕುಳಿತುಕೊಳ್ಳಲು ಹೇಳಿ ಪ್ರಶ್ನೆಗಳನ್ನು ಆರಂಭಿಸಿದೆ.

ನಮ್ಮ ರಾಜ್ಯದಿಂದ ಹೊರದೇಶಗಳಿಗೆ ಮ್ಯಾರಥಾನ್ ಓಡಲು ಹೋಗುವವರು ಈಗ ಅಪರೂಪವೇನಲ್ಲ. ಮಕ್ಕಳು ಹೊರಗಿರುವ ಮನೆಗಳಲ್ಲಿ ತಂದೆ ತಾಯಂದಿರೂ ಹೊರಡುತ್ತಿದ್ದಾರೆ. ಬಹುಮಂದಿ ಟಿಕೆಟ್ಟು, ಬೂಟು, ವೀಸಾ ಎಂದು ವರ್ಷವಿಡೀ ಓಡಾಡಿ, ವೈದ್ಯರ ಬಳಿಗೆ ಕೊನೆಯ ವಾರದಲ್ಲಿ ಬರುತ್ತಾರೆ. ಇದು ತಿರುಗುಮುರುಗಾಗಬೇಕು. ನಾನು ಓಡುವವನಲ್ಲ, ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವವನು. ಆದರೂ ಓಡಿ ಬಂದವರಿಂದಲೂ, ಓಡಲಾಗದೆ ಉಳಿದವರಿಂದಲೂ ಕಲಿತದ್ದನ್ನು ಬರ್ಲಿನ್ ಓಟವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ಹೇಳುತ್ತೇನೆ.

ಮೊದಲು ಹೃದಯದ ಮಾತು

ಮ್ಯಾರಥಾನ್ ಎಂದರೆ 42 ಕಿಲೋಮೀಟರ್ 195 ಮೀಟರ್. ಮಧ್ಯವಯಸ್ಸಿನ ಸಾಮಾನ್ಯ ಓಟಗಾರರಿಗೆ ಇದಕ್ಕೆ ನಾಲ್ಕೂವರೆಯಿಂದ ಆರು ಗಂಟೆ ಬೇಕು. ಅಷ್ಟು ಹೊತ್ತು ಹೃದಯ ವಿಶ್ರಾಂತಿಯ ವೇಗಕ್ಕಿಂತ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ವೇಗದಲ್ಲಿ ಬಡಿದುಕೊಳ್ಳುತ್ತದೆ. ಆರೋಗ್ಯವಂತ ಹೃದಯಕ್ಕೆ ಇದು ಹಾನಿಯಲ್ಲ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್‌ಗಳಲ್ಲಿ ಓಡಿದ ಸುಮಾರು 1 ಕೋಟಿ 9 ಲಕ್ಷ ಜನರ ಲೆಕ್ಕ ಹಾಕಿದಾಗ ಹೃದಯಸ್ತಂಭನವಾದದ್ದು 59 ಮಂದಿಗೆ ಮಾತ್ರ. ಅಂದರೆ ಲಕ್ಷಕ್ಕೆ ಒಬ್ಬರಿಗಿಂತಲೂ ಕಡಿಮೆ. ಆದರೆ ಆ 59 ಜನರಲ್ಲಿ 42 ಮಂದಿ ತೀರಿಕೊಂಡರು. 2010ರಿಂದ 2023ರವರೆಗಿನ ಲೆಕ್ಕದಲ್ಲಿ ಹೃದಯಸ್ತಂಭನದ ಪ್ರಮಾಣ ಹೆಚ್ಚು ಕಡಿಮೆ ಅಷ್ಟೇ ಇದ್ದರೂ, ಹಾಗೆ ಕುಸಿದವರಲ್ಲಿ ಸಾಯುವವರು ಮೂರರಲ್ಲಿ ಒಬ್ಬರಿಗೆ ಇಳಿದಿದ್ದರು. ಓಟದ ದಾರಿಯುದ್ದಕ್ಕೂ ಎದೆ ಒತ್ತಲು ಬಲ್ಲವರು, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರಗಳು ಹೆಚ್ಚಿದ್ದು ಇದಕ್ಕೆ ಮುಖ್ಯ ಕಾರಣ.

ಈ ಅಂಕಿಗಳು ನಮ್ಮ ದೇಶದವಲ್ಲ ಎಂಬುದನ್ನು ನೆನಪಿಡಿ. ಭಾರತೀಯರಲ್ಲಿ ಹೃದಯದ ರಕ್ತನಾಳಗಳು ಕಟ್ಟಿಕೊಳ್ಳುವ ಕಾಯಿಲೆ ಪಾಶ್ಚಾತ್ಯರಿಗಿಂತ ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ತೆಳ್ಳಗಿರುವುದಾಗಲಿ, ಸಸ್ಯಾಹಾರಿಯಾಗಿರುವುದಾಗಲಿ, ದಿನಾ ನಡೆಯುವುದಾಗಲಿ ಪೂರ್ತಿ ರಕ್ಷಣೆ ಕೊಡುವುದಿಲ್ಲ.

ಬ್ಯಾಂಕ್ ಅಧಿಕಾರಿಯ ತಂದೆ 54ನೇ ವಯಸ್ಸಿನಲ್ಲಿ ನಿದ್ರೆಯಲ್ಲೇ ತೀರಿಕೊಂಡಿದ್ದರು. ಇವರಿಗೆ ಆರು ವರ್ಷಗಳಿಂದ ರಕ್ತದೊತ್ತಡದ ಮಾತ್ರೆ ನಡೆಯುತ್ತಿತ್ತು. ಹತ್ತು ಕಿಲೋಮೀಟರ್ ಓಟವನ್ನು ಬೆಂಗಳೂರಿನಲ್ಲಿ ಎರಡು ಸಲ ಮುಗಿಸಿದ್ದರು. "ಎದೆಯಲ್ಲಿ ಏನಾದರೂ ತೊಂದರೆ?" ಎಂದೆ. "ಏನೂ ಇಲ್ಲ" ಎಂದರು. ಜೊತೆಯಲ್ಲಿ ಬಂದಿದ್ದ ಅವರ ಪತ್ನಿ, "ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಉರಿ ಅಂತೀರಲ್ಲ" ಎಂದು ನೆನಪಿಸಿದರು. "ಅದು ಗ್ಯಾಸು ಡಾಕ್ಟ್ರೇ. ಇನ್ನೂರು ಮೆಟ್ಟಿಲು ಹತ್ತಿದ ಮೇಲೆ ಬರುತ್ತೆ, ನಂದಿ ಹತ್ತಿರ ಕೂತರೆ ಹೋಗುತ್ತೆ. ಒಂದು ಮಾತ್ರೆ ಚೀಪುತ್ತೇನೆ" ಎಂದರು.

ಶ್ರಮ ಪಟ್ಟಾಗ ಬಂದು, ಕುಳಿತರೆ ಹೋಗುವ ಉರಿಯನ್ನು ಗ್ಯಾಸ್ ಎಂದು ಕರೆಯಬೇಡಿ. ಹೊಟ್ಟೆಯ ಆಮ್ಲಕ್ಕೆ ನೀವು ಹತ್ತುತ್ತಿದ್ದೀರೋ, ಕುಳಿತಿದ್ದೀರೋ ಎಂಬ ಲೆಕ್ಕ ಅಷ್ಟಾಗಿ ಇರುವುದಿಲ್ಲ, ಹೃದಯಕ್ಕೆ ಇರುತ್ತದೆ. ಓಡುವಾಗ ಎದೆ ಹಿಡಿದಂತಾಗುವುದು, ದವಡೆಗೋ ಎಡತೋಳಿಗೋ ಹರಡುವ ನೋವು, ಹಿಂದೆ ಇಲ್ಲದ ಉಬ್ಬಸ, ಎದೆ ಡವಗುಟ್ಟಿ ಕಣ್ಣು ಕತ್ತಲೆ ಬರುವುದು, ಓಡುತ್ತಿರುವಾಗಲೇ ಪ್ರಜ್ಞೆ ತಪ್ಪುವುದು, ಇವುಗಳಲ್ಲಿ ಒಂದಿದ್ದರೂ ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವುಗಳು ಆಗಿದ್ದರೆ ಇಪ್ಪತ್ತರ ಹುಡುಗನಿಗೂ ಪರೀಕ್ಷೆ ಅಗತ್ಯ. ಹೃದಯದ ಗೋಡೆ ಹುಟ್ಟಿನಿಂದಲೇ ದಪ್ಪವಾಗುತ್ತಾ ಬರುವ ಒಂದು ಕಾಯಿಲೆ ಕ್ರೀಡಾಪಟುಗಳ ಹಠಾತ್ ಸಾವಿಗೆ ತಿಳಿದಿರುವ ಕಾರಣಗಳಲ್ಲಿ ಒಂದು. ಅದನ್ನು ಎಕೋ ಪರೀಕ್ಷೆಯಲ್ಲಿ ಪತ್ತೆ ಹಚ್ಚಬಹುದು.

40 ದಾಟಿದವರಿಗೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೆಚ್ಚಿನ ಕೊಲೆಸ್ಟರಾಲ್ ಇರುವವರಿಗೆ, ಬೀಡಿ ಸಿಗರೇಟು ಸೇದುವವರಿಗೆ, ಹಿಂದೆ ಸೇದುತ್ತಿದ್ದವರಿಗೆ ನಾನು ಇ.ಸಿ.ಜಿ., ಎಕೋ, ಟ್ರೆಡ್‌ಮಿಲ್ ಪರೀಕ್ಷೆ, ರಕ್ತದ ಸಕ್ಕರೆ, ಕೊಲೆಸ್ಟರಾಲ್, ಮೂತ್ರಪಿಂಡದ ಪರೀಕ್ಷೆಗಳನ್ನು ಬರೆಯುತ್ತೇನೆ. ಟ್ರೆಡ್‌ಮಿಲ್ ಪರೀಕ್ಷೆ ಸರಿಯಿದೆ ಎಂದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ. ರಕ್ತನಾಳದ ಅರ್ಧಕ್ಕಿಂತ ಕಡಿಮೆ ಮುಚ್ಚಿರುವ ಕೊಬ್ಬಿನ ಪದರ ಅದರಲ್ಲಿ ಕಾಣಿಸದಿರಬಹುದು, ಅದೇ ಮುಂದೆ ಒಡೆದು ಹೃದಯಾಘಾತಕ್ಕೆ ಕಾರಣವಾಗಬಹುದು. ಆದ್ದರಿಂದಲೇ ವರದಿಗಿಂತ ರೋಗಿಯ ಮಾತಿಗೆ, ಅವರಿಗಿಂತ ಒಮ್ಮೊಮ್ಮೆ ಅವರ ಮನೆಯವರ ಮಾತಿಗೆ ನಾನು ಹೆಚ್ಚು ಕಿವಿ ಕೊಡುತ್ತೇನೆ.

ಅಧಿಕಾರಿಯ ಟ್ರೆಡ್‌ಮಿಲ್ ಪರೀಕ್ಷೆಯನ್ನು ಏಳನೇ ನಿಮಿಷಕ್ಕೇ ನಿಲ್ಲಿಸಬೇಕಾಯಿತು. ಜನವರಿಯಲ್ಲಿ ಆಂಜಿಯೋಗ್ರಾಂ ಆಯಿತು. ಮುಖ್ಯ ರಕ್ತನಾಳವೊಂದು ಮುಕ್ಕಾಲಿಗಿಂತ ಹೆಚ್ಚು ಮುಚ್ಚಿತ್ತು. ಸ್ಟೆಂಟ್ ಹಾಕಿದರು. ಆ ವರ್ಷದ ಓಟ ಬೇಡವೇ ಬೇಡ ಎಂದು ಹೃದ್ರೋಗ ತಜ್ಞರು ಹೇಳಿದರು.

ಅಭ್ಯಾಸದ ತಿಂಗಳುಗಳು

ಬರ್ಲಿನ್ ಓಟ ನಡೆಯುವುದು ಸೆಪ್ಟೆಂಬರ್ ಕೊನೆಯ ಭಾಗದ ಒಂದು ಭಾನುವಾರ. ಈಗಾಗಲೇ ನಿಲ್ಲದೆ ಹತ್ತು ಕಿಲೋಮೀಟರ್ ಓಡಬಲ್ಲವರಿಗೆ 16ರಿಂದ 18 ವಾರಗಳ ತಯಾರಿ ಸಾಕು. ಮೆಟ್ಟಿಲು ಹತ್ತಿದರೆ ಏದುವವರಿಗೆ ಒಂದು ವರ್ಷವೂ ಕಡಿಮೆಯೇ. ವಾರಕ್ಕೆ ನಾಲ್ಕು ದಿನ ಓಟ, ಎರಡು ದಿನ ತೊಡೆ, ಸೊಂಟ, ಮೀನಖಂಡಗಳನ್ನು ಗಟ್ಟಿ ಮಾಡುವ ವ್ಯಾಯಾಮ, ಒಂದು ದಿನ ಪೂರ್ತಿ ವಿಶ್ರಾಂತಿ. ವಾರದ ಒಂದು ಓಟ ಮಾತ್ರ ದೀರ್ಘವಾಗಿರಲಿ. ಅದನ್ನು ನಿಧಾನವಾಗಿ 30 ಕಿಲೋಮೀಟರಿನವರೆಗೆ ಏರಿಸಿ, ಕೊನೆಯ ಮೂರು ವಾರಗಳಲ್ಲಿ ಇಳಿಸುತ್ತಾ ಬರಬೇಕು. ಪಕ್ಕದವರೊಡನೆ ಮಾತನಾಡುತ್ತಾ ಓಡುವಷ್ಟು ವೇಗವೇ ಬಹುಪಾಲು ಓಟಗಳಿಗೆ ಸರಿಯಾದ ವೇಗ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಸಲೀಸಾಯಿತೆಂದು ದೂರವನ್ನು ದಿಢೀರನೆ ಹೆಚ್ಚಿಸಿದವರೇ ಮಂಡಿ ನೋವು, ಹಿಮ್ಮಡಿ ನೋವು, ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಎಂದು ನನ್ನ ಬಳಿಗೆ ಬರುವವರು. ಮೂಳೆಯ ಮೇಲೆ ಒಂದೇ ಕಡೆ ಬೆರಳಿಟ್ಟು ತೋರಿಸುವಂಥ ನೋವಿದ್ದರೆ ಅದನ್ನು ಓಡಿ ಸರಿಪಡಿಸಲು ಹೋಗಬೇಡಿ.

ನಮ್ಮಲ್ಲಿ ಈ ಅಭ್ಯಾಸದ ಕಾಲ ಜೂನ್‌ನಿಂದ ಸೆಪ್ಟೆಂಬರ್. ಮಳೆಗಾಲ, ಡೆಂಗಿಯ ಕಾಲ. ಜ್ವರವಿದ್ದಾಗ ಓಡುವುದು ಅಪಾಯಕಾರಿ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಉರಿಯೂತ ತರುತ್ತವೆ, ಆಗ ಶ್ರಮಪಟ್ಟರೆ ಹೃದಯದ ಲಯ ತಪ್ಪಬಹುದು. ಬರೀ ಮೂಗು ಸೋರುತ್ತಿದ್ದರೆ ಹಗುರವಾಗಿ ನಡೆಯಬಹುದು. ಮೈಕೈ ನೋವು, ಜ್ವರ, ಎದೆಯ ಕೆಮ್ಮು ಇದ್ದರೆ ಬೂಟು ಮೂಲೆಗಿಡಿ. ಡೆಂಗಿಯಿಂದ ಎದ್ದವರು ರಕ್ತದ ಎಣಿಕೆ ಸರಿಹೋಗಿ, ಸುಸ್ತು ಪೂರ್ತಿ ಕಳೆದ ಮೇಲಷ್ಟೇ ನಡಿಗೆಯಿಂದ ಶುರು ಮಾಡಬೇಕು. ಹೋದ ವಾರಗಳನ್ನು ಒಂದೇ ವಾರದಲ್ಲಿ ತುಂಬಿಕೊಳ್ಳುವ ಆತುರ ಬೇಡ. ಇನ್ನೊಂದು ಮಾತು: ನಸುಕಿನಲ್ಲಿ ಓಡುವವರಿಗೆ ಬೀದಿನಾಯಿಗಳ ಕಾಟ ಇದ್ದದ್ದೇ. ಕಚ್ಚಿದರೆ, ಪರಚಿದರೂ ಸರಿ, ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಚುಚ್ಚುಮದ್ದು ಆರಂಭಿಸಿ. ಅರಿಶಿನ, ಸುಣ್ಣ ಹಚ್ಚಿಕೊಂಡು ಕೂರಬೇಡಿ.

ಹೆಣ್ಣುಮಕ್ಕಳು ಅಭ್ಯಾಸಕ್ಕೆ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ನನ್ನ ಇನ್ನೊಬ್ಬ ರೋಗಿ, 38ರ ಶಾಲಾ ಶಿಕ್ಷಕಿ, ಎಷ್ಟು ಅಭ್ಯಾಸ ಮಾಡಿದರೂ 12 ಕಿಲೋಮೀಟರ್ ದಾಟಲಾಗುತ್ತಿಲ್ಲ ಎಂದು ಬಂದಿದ್ದರು. ತರಬೇತುದಾರರು ಮನೋಬಲ ಸಾಲದು ಎಂದಿದ್ದರಂತೆ. ಹಿಮೋಗ್ಲೋಬಿನ್ 8.9 ಇತ್ತು. ಮೂರು ತಿಂಗಳು ಕಬ್ಬಿಣದ ಮಾತ್ರೆ ನುಂಗಿ, ಹೆಚ್ಚಾಗಿ ಹೋಗುತ್ತಿದ್ದ ಮುಟ್ಟಿಗೆ ಚಿಕಿತ್ಸೆ ಪಡೆದು, 2024ರ ಬರ್ಲಿನ್ ಓಟವನ್ನು ಐದು ಗಂಟೆಯೊಳಗೆ ಮುಗಿಸಿ ಬಂದರು. ಮುಂದೆ ನಾನು ಹೇಳಲಿರುವ ಪ್ರಯಾಣದ ಸೂಕ್ಷ್ಮಗಳಲ್ಲಿ ಅನೇಕವು ಅವರು ಹೇಳಿಕೊಟ್ಟದ್ದು.

ಮಾತ್ರೆ ನುಂಗುವವರಿಗೆ ಎಚ್ಚರಿಕೆ

ದಿನನಿತ್ಯದ ಔಷಧಿಗಳು ದೀರ್ಘ ಓಟದಲ್ಲಿ ಬೇರೆಯೇ ರೀತಿಯಲ್ಲಿ ವರ್ತಿಸಬಹುದು. ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಓಟದ ನಡುವೆ ಅಥವಾ ಅಂದು ರಾತ್ರಿ ನಿದ್ರೆಯಲ್ಲಿ ಸಕ್ಕರೆ ತೀರಾ ಇಳಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೊಸ ಮಾತ್ರೆಗಳು ಮೂತ್ರದ ಮೂಲಕ ಸಕ್ಕರೆಯನ್ನೂ ನೀರನ್ನೂ ಹೊರಹಾಕುತ್ತವೆ. ಹೊಟ್ಟೆ ಖಾಲಿಯಾಗಿ, ಮೈ ಬಳಲಿದಾಗ ರಕ್ತ ಆಮ್ಲೀಯವಾಗುವ ಅಪಾಯವಿದೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ಲವಣ ಇಳಿಯಬಹುದು. ಅಟೆನೊಲಾಲ್, ಮೆಟೊಪ್ರೊಲಾಲ್ ಹೃದಯದ ಬಡಿತವನ್ನು ತಡೆಹಿಡಿಯುವುದರಿಂದ, ಕೈಗಡಿಯಾರ ತೋರಿಸುವ ಬಡಿತದ ಲೆಕ್ಕವನ್ನು ನಂಬಿ ಓಡಿದರೆ ಮೋಸಹೋಗುತ್ತೀರಿ. ಇವುಗಳಲ್ಲಿ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಮೂರು ತಿಂಗಳು ಮುಂಚೆ ವೈದ್ಯರಿಗೆ ತಿಳಿಸಿ, ದೀರ್ಘ ಓಟದ ದಿನಗಳಲ್ಲಿ ಪ್ರಮಾಣ ಹೇಗಿರಬೇಕೆಂದು ಊರಿನಲ್ಲಿಯೇ ಪರೀಕ್ಷಿಸಿ ನೋಡಿಕೊಳ್ಳಿ.

ನೋವಿನ ಮಾತ್ರೆಯ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಓಟದ ಬೆಳಿಗ್ಗೆ 'ಮುಂಜಾಗ್ರತೆಗೆ' ಎಂದು ಡೈಕ್ಲೊಫಿನಾಕ್ ಅಥವಾ ಐಬುಪ್ರೊಫೆನ್ ನುಂಗುವ ಅಭ್ಯಾಸ ಓಟಗಾರರಲ್ಲಿ ಬಹಳ ಹರಡಿದೆ. ಓಡುವಾಗ ರಕ್ತ ಕಾಲುಗಳತ್ತ ಹರಿದು, ಮೂತ್ರಪಿಂಡಗಳಿಗೆ ಹೋಗುವುದು ಕಡಿಮೆಯಾಗಿರುತ್ತದೆ. ಈ ಮಾತ್ರೆಗಳು ಇದ್ದ ಸ್ವಲ್ಪ ಹರಿವನ್ನೂ ಕುಗ್ಗಿಸುತ್ತವೆ. ಮಾತ್ರೆ ಇಲ್ಲದೆ ಓಡಲಾಗದಷ್ಟು ನೋವಿದ್ದರೆ ಅಂದು ಓಡುವುದು ಸರಿಯಲ್ಲ.

ಕಾಗದ ಪತ್ರಗಳು

ಬರ್ಲಿನ್ ಓಟಕ್ಕೆ ಹಿಂದಿನ ವರ್ಷದ ಓಟ ಮುಗಿದ ಕೆಲವೇ ದಿನಗಳಲ್ಲಿ ಅರ್ಜಿ ಕರೆಯುತ್ತಾರೆ. ಲಾಟರಿಯ ಫಲಿತಾಂಶ ವರ್ಷದ ಕೊನೆಗೆ ಗೊತ್ತಾಗುತ್ತದೆ. ವೇಗದ ಓಟಗಾರರಿಗೆ, ಧರ್ಮಾರ್ಥ ನಿಧಿ ಸಂಗ್ರಹಿಸುವವರಿಗೆ, ಪ್ರವಾಸ ಸಂಸ್ಥೆಗಳ ಮೂಲಕ ಹೋಗುವವರಿಗೆ ಬೇರೆ ದಾರಿಗಳಿವೆ. ಒಬ್ಬರ ಹೆಸರಿನ ಸ್ಥಾನದಲ್ಲಿ ಇನ್ನೊಬ್ಬರು ಓಡುವಂತಿಲ್ಲ. ಇದು ಬರೀ ಶಿಸ್ತಿನ ಮಾತಲ್ಲ. ಕುಸಿದು ಬಿದ್ದಾಗ ವೈದ್ಯರು ನೋಡುವುದು ಎದೆಯ ಸಂಖ್ಯೆಯನ್ನು. ಗೆಳೆಯನ ಸಂಖ್ಯೆ ಕಟ್ಟಿಕೊಂಡು ಓಡಿದರೆ ಗೆಳೆಯನ ಮನೆಗೆ ಫೋನು ಹೋಗುತ್ತದೆ.

ಹೆಸರಿನ ವಿಷಯದಲ್ಲಿ ನಮ್ಮವರು ಪಡುವ ಪಾಡು ಹೇಳತೀರದು. ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರಗಳು ನಮ್ಮ ಹೆಸರಿನ ಮುಂದೆ ಇರುತ್ತವೆ. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ಉದ್ದವಾಗಿರುತ್ತವೆ. ಕೆಲವರಿಗೆ ಮನೆತನದ ಹೆಸರಿನ ಜಾಗ ಖಾಲಿಯೇ ಇರುತ್ತದೆ. ಓಟದ ಅರ್ಜಿ, ವಿಮಾನದ ಟಿಕೆಟ್, ವಿಮೆ, ವೀಸಾ ಅರ್ಜಿ ನಾಲ್ಕರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಿರಿ. ಶಿಕ್ಷಕಿಯವರು ಓಟದ ಅರ್ಜಿಯಲ್ಲಿ ಗಂಡನ ಹೆಸರು ಸೇರಿಸಿದ್ದರು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರಿತ್ತು. ತಿದ್ದಿಸಲು ಪತ್ರ ವ್ಯವಹಾರ ಮಾಡಿ ಒಂದು ತಿಂಗಳು ನಿದ್ದೆಗೆಟ್ಟರು.

ಜರ್ಮನಿಗೆ ಬೇಕಾದದ್ದು ಷೆಂಗೆನ್ ವೀಸಾ. ಪಾಸ್‌ಪೋರ್ಟು ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಹಿಂದಿರುಗುವ ದಿನದಿಂದ ಇನ್ನೂ ಮೂರು ತಿಂಗಳು ಊರ್ಜಿತವಾಗಿರಬೇಕು, ಎರಡು ಪುಟ ಖಾಲಿಯಿರಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ತಡವಾಗಿ ಹಾಕುವಂತಿಲ್ಲ. ಸಾಮಾನ್ಯವಾಗಿ ಹದಿನೈದು ದಿನದಲ್ಲಿ ತೀರ್ಮಾನವಾಗುತ್ತದೆ, ಕೆಲವೊಮ್ಮೆ 45 ದಿನವೂ ಹಿಡಿಯಬಹುದು. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ದಿನ ಸಿಗುವುದೇ ಕಷ್ಟ. ಆದ್ದರಿಂದ ಜೂನ್, ಜುಲೈನಲ್ಲಿ ಮುಗಿಸಿಕೊಳ್ಳುವುದು ಒಳಿತು. ವಯಸ್ಕರ ಶುಲ್ಕವನ್ನು 2024ರ ಜೂನ್‌ನಲ್ಲಿ 90 ಯೂರೊಗೆ ಏರಿಸಲಾಯಿತು. ಓಟದ ಪ್ರವೇಶ ಖಾತರಿಪತ್ರ, ರಜೆ ಮಂಜೂರಾತಿ, ಬ್ಯಾಂಕ್ ಲೆಕ್ಕಪತ್ರ, ಆದಾಯ ತೆರಿಗೆಯ ಕಾಗದ, ವಸತಿಯ ವಿವರ, ಹೋಗಿ ಬರುವ ಟಿಕೆಟ್ಟಿನ ವಿವರ ಇವೆಲ್ಲ ಒಂದು ಫೈಲಿನಲ್ಲಿರಲಿ. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿಯ ಹೊತ್ತಿಗೆ ರಾಯಭಾರ ಕಚೇರಿಯ ಸೂಚನೆಯನ್ನೇ ನೋಡಿಕೊಳ್ಳಿ.

ವೈದ್ಯನಾಗಿ ನನಗೆ ಮುಖ್ಯವೆನಿಸುವುದು ವಿಮೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಇಲ್ಲದೆ ಷೆಂಗೆನ್ ವೀಸಾ ಸಿಗುವುದಿಲ್ಲ. ಹಾಗೆಂದು ಅಗ್ಗದ್ದೊಂದನ್ನು ಕೊಂಡು ಸುಮ್ಮನಾಗಬೇಡಿ. ಸ್ಪರ್ಧಾತ್ಮಕ ಕ್ರೀಡೆಗಳಲ್ಲಿ ಆದ ಗಾಯಕ್ಕೆ ಪರಿಹಾರವಿಲ್ಲ ಎಂಬ ಷರತ್ತು ಕೆಲವು ಪಾಲಿಸಿಗಳ ಸಣ್ಣಕ್ಷರಗಳಲ್ಲಿರುತ್ತದೆ. ಮ್ಯಾರಥಾನ್ ಓಡುತ್ತೇನೆ, ಅದಕ್ಕೆ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಮುಚ್ಚಿಟ್ಟರೆ ಬೇಕಾದ ಹೊತ್ತಿನಲ್ಲೇ ವಿಮೆ ಕೈಕೊಡುತ್ತದೆ.

ಬರ್ಲಿನ್ ಓಟಕ್ಕೆ ವೈದ್ಯರ ಪ್ರಮಾಣಪತ್ರ ಕಡ್ಡಾಯವಲ್ಲ. ಇಟಲಿಯ ಓಟಗಳಲ್ಲಿ ಅದನ್ನು ಕೇಳುವ ಪದ್ಧತಿಯಿದೆ. ಫ್ರಾನ್ಸ್‌ನಲ್ಲಿ ಹಿಂದೆ ಕೇಳುತ್ತಿದ್ದ ಪ್ರಮಾಣಪತ್ರದ ಬದಲು ಹೃದಯದ ಅಪಾಯಗಳ ಬಗ್ಗೆ ಒಂದು ಕಿರು ಪಾಠವನ್ನು ಓದಿ ಒಪ್ಪಿಕೊಳ್ಳುವ ವ್ಯವಸ್ಥೆ ಬಂದಿದೆ. ಎಲ್ಲಿಗೆ ಹೋಗುತ್ತೀರೋ ಅಲ್ಲಿಯ ನಿಯಮ ಓದಿ. ಕೇಳದಿದ್ದರೂ ಪರೀಕ್ಷೆ ಮಾತ್ರ ಮಾಡಿಸಿಕೊಳ್ಳಿ.

ಪೆಟ್ಟಿಗೆಯಲ್ಲಿ ಏನಿರಬೇಕು

ಔಷಧಿಗಳನ್ನು ಅವುಗಳ ಮೂಲ ಪಟ್ಟಿಯಲ್ಲೇ, ಕೈಚೀಲದಲ್ಲಿ ಒಯ್ಯಿರಿ. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರೂ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿರಲಿ, ನಮ್ಮ ಮಾತ್ರೆಗಳ ಹೆಸರು ಅಲ್ಲಿಯವರಿಗೆ ಅರ್ಥವಾಗುವುದಿಲ್ಲ. ಇನ್ಸುಲಿನ್ ಅನ್ನು ಸರಕಿನ ಪೆಟ್ಟಿಗೆಗೆ ಹಾಕಬೇಡಿ, ಹೆಪ್ಪುಗಟ್ಟಿ ಹಾಳಾಗಬಹುದು. ಕೊಡೀನ್ ಇರುವ ಕೆಮ್ಮಿನ ಔಷಧಿ, ಬಲವಾದ ನೋವಿನ ಮಾತ್ರೆ, ನಿದ್ರೆಮಾತ್ರೆಗಳನ್ನು ವೈದ್ಯರ ಪತ್ರವಿಲ್ಲದೆ ಒಯ್ಯಬೇಡಿ. ಓಟದ ಬೂಟೂ ಕೈಚೀಲದಲ್ಲೇ ಇರಲಿ. ಪೆಟ್ಟಿಗೆ ಕಳೆದುಹೋದರೆ ಅಂಗಿ ಕೊಳ್ಳಬಹುದು, ಪಳಗಿದ ಬೂಟು ಕೊಳ್ಳಲಾಗುವುದಿಲ್ಲ. ಹೊಸ ಬೂಟಿನಲ್ಲಿ ಓಡಿ ಆರು ಉಗುರು ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ತಿಂಡಿಯ ವಿಷಯಕ್ಕೆ ಬಂದರೆ, ಯುರೋಪಿನ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ತರುವಂತಿಲ್ಲ. ಅಂದರೆ ಪೇಡಾ, ತುಪ್ಪ, ಮೈಸೂರುಪಾಕು ಮನೆಯಲ್ಲೇ ಇರಬೇಕು. ಹಸಿ ತರಕಾರಿ, ಸೊಪ್ಪುಗಳಿಗೂ ನಿರ್ಬಂಧವಿದೆ. ಅವಲಕ್ಕಿ, ರಾಗಿ ಹುರಿಹಿಟ್ಟು, ಚಟ್ನಿಪುಡಿ ಒಯ್ದರೆ ಸಸ್ಯಾಹಾರಿಗಳಿಗೆ ಎರಡು ಮೂರು ದಿನ ಚಿಂತೆಯಿಲ್ಲ. ಶಿಕ್ಷಕಿಯವರು ಓಟದ ಬೆಳಿಗ್ಗೆ ಬಿಸಿನೀರಿನಲ್ಲಿ ನೆನೆಸಿದ ಅವಲಕ್ಕಿ ಮತ್ತು ಅಲ್ಲಿಯೇ ಕೊಂಡ ಬಾಳೆಹಣ್ಣು ತಿಂದು ಓಡಿದರು. ಊರಿನ ದೀರ್ಘ ಓಟಗಳಿಗೆ ಮುಂಚೆಯೂ ಅದನ್ನೇ ತಿನ್ನುತ್ತಿದ್ದರು. ಓಟದ ಹಿಂದಿನ ರಾತ್ರಿ ಹೊಸ ತಿನಿಸಿನ ರುಚಿ ನೋಡುವ ಆಸೆಯನ್ನು ಭಾನುವಾರ ರಾತ್ರಿಗೆ ಮುಂದೂಡಿ.

ಅಲ್ಲಿಗೆ ಹೋದ ಮೇಲೆ

ಸೆಪ್ಟೆಂಬರ್‌ನಲ್ಲಿ ಬರ್ಲಿನ್ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ. ಇದು ನಮ್ಮ ಅದೃಷ್ಟ. ಅಲ್ಲಿಯ ಬೆಳಿಗ್ಗೆ ಐದು ಗಂಟೆಗೆ ನಮ್ಮ ದೇಹಕ್ಕೆ ಎಂಟೂವರೆಯಾಗಿರುವುದರಿಂದ ತಾನಾಗಿಯೇ ಎಚ್ಚರವಾಗುತ್ತದೆ. ಮೊದಲ ಗುಂಪುಗಳು ಹೊರಡುವ ಒಂಬತ್ತೂಕಾಲಕ್ಕೆ ಊರಿನಲ್ಲಿ ಮುಕ್ಕಾಲು ಒಂದು ಗಂಟೆ, ಊಟದ ಹೊತ್ತು. ಹಸಿವಾಗುತ್ತದೆಂದು ನೆನಪಿಟ್ಟುಕೊಂಡು ಸರಿಯಾಗಿ ತಿಂಡಿ ತಿನ್ನಿ. ಗುರುವಾರದೊಳಗೆ ತಲುಪಿದರೆ ಸಾಕು. ಎದೆಯ ಸಂಖ್ಯೆಯನ್ನು ಟೆಂಪೆಲ್‌ಹೋಫ್‌ನ ಹಳೆಯ ವಿಮಾನ ನಿಲ್ದಾಣದಲ್ಲಿ ಗುರುತಿನ ಚೀಟಿ ತೋರಿಸಿ ಸ್ವತಃ ಪಡೆಯಬೇಕು. ಓಟದ ಬೆಳಿಗ್ಗೆ ಕೊಡುವುದಿಲ್ಲ. ಆ ಹಾಳೆಯ ಹಿಂಬದಿಯಲ್ಲಿ ನಿಮ್ಮ ಕಾಯಿಲೆ, ಮಾತ್ರೆ, ಅಲರ್ಜಿ, ಮನೆಯವರ ದೂರವಾಣಿ ಸಂಖ್ಯೆ ಬರೆಯುವುದನ್ನು ಮರೆಯಬೇಡಿ. ಶನಿವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಊರು ಸುತ್ತಿ, ಹದಿನೈದು ಕಿಲೋಮೀಟರ್ ನಡೆದು, ಭಾನುವಾರ ಕಾಲು ಬರುತ್ತಿಲ್ಲ ಎಂದವರು ಬಹಳ ಜನ. ಮನೆಯವರನ್ನು ಸುತ್ತಲು ಕಳಿಸಿ ನೀವು ಮಲಗಿ.

ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಔಷಧಿ ಅಂಗಡಿಗಳಲ್ಲಿ ಸರದಿಯ ಮೇಲೆ ಕೆಲವು ಮಾತ್ರ ತೆರೆದಿರುತ್ತವೆ. ಕೆಂಪು ಬಣ್ಣದ ದೊಡ್ಡ 'ಎ' ಅಕ್ಷರದ ಫಲಕ ಅವುಗಳ ಗುರುತು. ಬೇಕಾದ್ದನ್ನು ಶನಿವಾರವೇ ಕೊಂಡಿಟ್ಟುಕೊಳ್ಳಿ. ತುರ್ತು ಆಂಬುಲೆನ್ಸಿಗೆ 112.

ನೀರು: ಹೆಚ್ಚೂ ಅಪಾಯ

ನೀರು ಕಡಿಮೆಯಾದರೆ ತೊಂದರೆ ಎಂದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಸಾವು ಬರಬಹುದೆಂದು ಬಹುಮಂದಿಗೆ ಗೊತ್ತಿಲ್ಲ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಇಳಿದಿತ್ತು. ಓಟದಲ್ಲಿ ತೂಕ ಹೆಚ್ಚಿಸಿಕೊಂಡವರು, ಅಂದರೆ ಬೆವರಿಗಿಂತ ಹೆಚ್ಚು ಕುಡಿದವರು, ಮತ್ತು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರು ಇವರಲ್ಲಿ ಹೆಚ್ಚಾಗಿದ್ದರು. ರಕ್ತದ ಲವಣ ತೆಳುವಾದಾಗ ಮೆದುಳು ಊದಿಕೊಳ್ಳುತ್ತದೆ. ತಲೆನೋವು, ವಾಂತಿ, ತೊದಲು, ಮಂಕು, ಕೊನೆಗೆ ಫಿಟ್ಸ್. ನಿರ್ಜಲೀಕರಣವೆಂದು ತಿಳಿದು ಪಕ್ಕದವರು ಇನ್ನಷ್ಟು ನೀರು ಕುಡಿಸುತ್ತಾರೆ.

ನಮ್ಮ ಸೆಕೆಯಲ್ಲಿ ಅಭ್ಯಾಸ ಮಾಡಿದವರು ಬರ್ಲಿನ್‌ನ ತಂಪಿನಲ್ಲಿ ಅದೇ ಲೆಕ್ಕದಲ್ಲಿ ಕುಡಿದರೆ ಹೀಗಾಗುವ ಸಾಧ್ಯತೆ ಹೆಚ್ಚು. ಬಾಯಾರಿಕೆಯಾದಾಗ ಕುಡಿಯಿರಿ, ಪ್ರತಿ ನೀರಿನ ಮೇಜಿನಲ್ಲೂ ಲೋಟ ಎತ್ತಬೇಕಿಲ್ಲ. ಬರೀ ನೀರಿನ ಜೊತೆ ಲವಣ, ಸಕ್ಕರೆ ಇರುವ ಪಾನೀಯವನ್ನೂ ಕುಡಿಯಿರಿ. ಆದರೂ ಲವಣದ ಪಾನೀಯವೆಂದು ಮಿತಿಮೀರಿ ಕುಡಿದರೆ ಅದೂ ರಕ್ಷಿಸುವುದಿಲ್ಲ. ಹವೆ ಯಾವಾಗಲೂ ತಂಪಾಗಿರುತ್ತದೆ ಎಂದೂ ನಂಬಬೇಡಿ. ಬೆಳಿಗ್ಗೆ ಹತ್ತು ಡಿಗ್ರಿಯ ಆಸುಪಾಸು ಇರುವ ವರ್ಷಗಳೇ ಹೆಚ್ಚಾದರೂ, 2025ರ ಸೆಪ್ಟೆಂಬರ್ 21ರಂದು ಅಸಹಜವಾದ ಬಿಸಿಲಿತ್ತು. ಬಿಸಿಲಿರುವ ದಿನ ವೇಗ ತಗ್ಗಿಸುವುದೇ ಮದ್ದು.

ಮುಗಿಸಿದ ಮೇಲೆ

ಬ್ರಾಂಡೆನ್‌ಬರ್ಗ್ ಹೆಬ್ಬಾಗಿಲು ದಾಟಿ ಗೆರೆ ಮುಟ್ಟಿದೊಡನೆ ನಿಂತುಬಿಡಬೇಡಿ. ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುವುದು ನಿಂತು ತಲೆ ಸುತ್ತಿ ಬೀಳುತ್ತೀರಿ. ಹತ್ತು ನಿಮಿಷವಾದರೂ ನಡೆಯುತ್ತಿರಿ, ಒಣ ಬಟ್ಟೆ ಹಾಕಿಕೊಳ್ಳಿ. ಆ ದಿನ ಅಥವಾ ಮರುದಿನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯುಗಳು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗುತ್ತಿದೆ ಎಂದರ್ಥ. ಆಗ ಕಾಯದೆ ಆಸ್ಪತ್ರೆಗೆ ಹೋಗಿ.

ಭಾನುವಾರ ರಾತ್ರಿಯ ವಿಮಾನ ಹಿಡಿಯುವವರಿದ್ದಾರೆ. ರಜೆ ಉಳಿಯುತ್ತದೆ, ನಿಜ. ಆದರೆ ನೀರಿನಂಶ ಇಳಿದಿರುವ, ಸ್ನಾಯುಗಳು ಊದಿಕೊಂಡಿರುವ ಕಾಲನ್ನು ಹತ್ತು ಗಂಟೆ ಮಡಿಸಿ ಕುಳಿತರೆ ಮೀನಖಂಡದ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಗರ್ಭನಿರೋಧಕ ಮಾತ್ರೆ ನುಂಗುವವರು, ಹಿಂದೆ ಹೀಗಾಗಿದ್ದವರು ವಿಶೇಷ ಎಚ್ಚರ ವಹಿಸಬೇಕು. ಎರಡು ದಿನ ಉಳಿದು ಹೊರಡಿ. ವಿಮಾನದಲ್ಲಿ ಗಂಟೆಗೊಮ್ಮೆ ಎದ್ದು ಓಡಾಡಿ, ಕುಳಿತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ. ಊರಿಗೆ ಬಂದ ವಾರ ಎರಡು ವಾರದೊಳಗೆ ಒಂದೇ ಕಾಲು ಊದಿ ನೋಯುತ್ತಿದ್ದರೆ ಓಟದ ನೋವೆಂದು ತೈಲ ತಿಕ್ಕಿಸಬೇಡಿ. ಡಾಪ್ಲರ್ ಪರೀಕ್ಷೆ ಮಾಡಿಸಿ. ಜೊತೆಗೆ ಹಠಾತ್ ಉಬ್ಬಸ ಬಂದರೆ ಅದು ತುರ್ತು ಸ್ಥಿತಿ.

ನಮ್ಮ ಬ್ಯಾಂಕ್ ಅಧಿಕಾರಿಯ ಪ್ರವೇಶ ಶುಲ್ಕ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ದಂಪತಿಗಳಿಬ್ಬರೂ ಮಗಳನ್ನು ನೋಡಲು ಬರ್ಲಿನ್‌ಗೆ ಹೋದರು. ವಿಮೆಯ ಅರ್ಜಿಯಲ್ಲಿ ಸ್ಟೆಂಟ್ ವಿಷಯ ಬರೆದಿದ್ದರಿಂದ ಕಂತು ಹೆಚ್ಚಾಯಿತು ಎಂದು ಗೊಣಗಿಕೊಂಡೇ ಕಟ್ಟಿದ್ದರು. ಆ ಬಿಸಿಲಿನ ಭಾನುವಾರ 35ನೇ ಕಿಲೋಮೀಟರಿನ ಹತ್ತಿರ ರಸ್ತೆ ಬದಿಯಲ್ಲಿ ಗಂಡ ಹೆಂಡತಿ ಎರಡು ಗಂಟೆ ನಿಂತಿದ್ದರಂತೆ. ಮಗಳು ಅಂದುಕೊಂಡದ್ದಕ್ಕಿಂತ ನಲವತ್ತು ನಿಮಿಷ ತಡವಾಗಿ, ನಡೆಯುತ್ತಾ ಬಂದಳು. ಇವರನ್ನು ಕಂಡು ಓಡತೊಡಗಿದಳು.

ಕಳೆದ ಬಾರಿ ತಪಾಸಣೆಗೆ ಬಂದಾಗ, ಈಗ ಚಾಮುಂಡಿಯ ಸಾವಿರ ಮೆಟ್ಟಿಲನ್ನೂ ನಿಲ್ಲದೆ ಹತ್ತುತ್ತೇನೆ, ಉರಿ ಇಲ್ಲ, ಲಾಟರಿಗೆ ಮತ್ತೆ ಹೆಸರು ಕೊಡಲೇ ಎಂದು ಕೇಳಿದರು. ಮೊದಲು ಹೃದ್ರೋಗ ತಜ್ಞರಲ್ಲಿ ಹೋಗಿ ಮತ್ತೊಮ್ಮೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ಅವರ ಪತ್ರ ತನ್ನಿ ಎಂದು ಚೀಟಿ ಬರೆದುಕೊಟ್ಟಿದ್ದೇನೆ. ಈ ಸಲ ಅವರು ಸರ್ಟಿಫಿಕೇಟ್ ಕೇಳಲಿಲ್ಲ.